ಮೀಟಿಂಗ್ ಶುರುವಾಗೋ ಹೊತ್ತಿಗೇ ಝೂಮ್ ಅಪ್‌ಡೇಟ್ ಕೇಳುತ್ತೆ, ಹತ್ತು ಸಿಸ್ಟಮ್ ಇರೋ ಆಫೀಸಲ್ಲಿ ಇದನ್ನ ಹೇಗೆ ನಿಭಾಯಿಸ್ತೀರಾ?

ದಾವಣಗೆರೆ_ಅಕೌಂಟ್ಸ್

ಎಲ್ಲರಿಗೂ ನಮಸ್ಕಾರ. ದಾವಣಗೆರೆಲಿ ಒಂದು ಆಡಿಟರ್ ಆಫೀಸಲ್ಲಿ ಕೆಲಸ ಮಾಡ್ತೀನಿ. ಅಕೌಂಟ್ಸ್ ನನ್ನ ಕೆಲಸ, ಆದ್ರೆ ಕಂಪ್ಯೂಟರ್ ಸ್ವಲ್ಪ ಗೊತ್ತು ಅಂತ ಸಿಸ್ಟಮ್‌ಗಳ ಜವಾಬ್ದಾರಿನೂ ನನ್ ಮೇಲೇ ಇದೆ. ಒಟ್ಟು ಹತ್ತು ಸಿಸ್ಟಮ್, ಏಳರಲ್ಲಿ ವಿಂಡೋಸ್ 11, ಮೂರರಲ್ಲಿ ಇನ್ನೂ ವಿಂಡೋಸ್ 10.

ಹೋದ ವಾರ ಒಬ್ಬ ಕ್ಲೈಂಟ್‌ದು ಜಿಎಸ್‌ಟಿ ಹಿಯರಿಂಗ್ ಇತ್ತು, ವಿಡಿಯೋ ಕಾಲಲ್ಲಿ, ಹನ್ನೊಂದು ಗಂಟೆಗೆ. ಸರ್ ಫೈಲೆಲ್ಲ ಜೋಡಿಸ್ಕೊಂಡು ಐದು ನಿಮಿಷ ಮುಂಚೆ ಲಿಂಕ್ ಒತ್ತಿದ್ರೆ ಈ ವರ್ಷನ್ ಹಳೇದು, ಅಪ್‌ಡೇಟ್ ಮಾಡಿದ್ರೆ ಮಾತ್ರ ಸೇರ್ಕೋಬಹುದು ಅಂತ ಬಂತಂತೆ, ಅಪ್‌ಡೇಟ್ ಒತ್ತಿದ್ರೆ ಅಡ್ಮಿನ್ ಪಾಸ್‌ವರ್ಡ್ ಕೇಳ್ತಂತೆ, ಆ ಪಾಸ್‌ವರ್ಡ್ ಗೊತ್ತಿರೋದು ನನಗೊಬ್ಳಿಗೇ, ನಾನು ಆಗ ಬ್ಯಾಂಕಲ್ಲಿದ್ದೆ. ಕೊನೆಗೆ ಸರ್ ಮೊಬೈಲಲ್ಲಿ ಸೇರ್ಕೊಂಡ್ರು, ಆದ್ರೆ ತೋರಿಸಬೇಕಾಗಿದ್ದ ಲೆಡ್ಜರ್ ಎಲ್ಲ ಕಂಪ್ಯೂಟರಲ್ಲೇ ಉಳೀತು. ಹಿಯರಿಂಗ್ ಮುಂದಕ್ಕೆ ಹೋಯ್ತು. ಆ ಕ್ಲೈಂಟ್ ಪಾಪ ಹಿರಿಯೂರಿಂದ ಅದಕ್ಕೇ ಅಂತ ಬಂದಿದ್ರು, ಅವರ ಮುಖ ನೋಡೋಕೆ ಆಗ್ಲಿಲ್ಲ ನಂಗೆ.

ಹಳೇ ವರ್ಷನ್ ಚೆನ್ನಾಗೇ ನಡೀತಿರುವಾಗ ಇವರು ಯಾಕೆ ಒಳಗೆ ಬಿಡಲ್ಲ? ಎಲ್ಲರಿಗೂ ಅಡ್ಮಿನ್ ಪಾಸ್‌ವರ್ಡ್ ಕೊಟ್ಬಿಡಬೇಕಾ? ಆಟೋ ಅಪ್‌ಡೇಟ್ ನಂಬಬಹುದಾ?

ಸಪೋರ್ಟ್_ಡೆಸ್ಕ್_ಬೆಂಗಳೂರು

ಮೇಡಂ, ಮೊದಲನೇದಾಗಿ ಅಡ್ಮಿನ್ ಪಾಸ್‌ವರ್ಡ್ ಯಾರಿಗೂ ಕೊಡಬೇಡಿ. ಒಂದು ಸಲ ಕೊಟ್ರೆ ಝೂಮ್‌ಗೆ ಮಾತ್ರ ಅಲ್ಲ, ಸ್ಕ್ರೀನ್ ಮೇಲೆ ಏನು ಕೇಳಿದ್ರೂ ಅದನ್ನೇ ಟೈಪ್ ಮಾಡ್ತಾರೆ.

ಒಳಗೆ ಬಿಡದೇ ಇರೋದಕ್ಕೆ ಕಾರಣ ಇದೆ. 2021ರ ನವೆಂಬರ್‌ನಿಂದ ಝೂಮ್ ಒಂದು ನಿಯಮ ಇಟ್ಕೊಂಡಿದೆ, ಈಗಿನ ವರ್ಷನ್‌ಗಿಂತ ಒಂಬತ್ತು ತಿಂಗಳಿಗೂ ಹಳೇದಿದ್ರೆ ಅಪ್‌ಡೇಟ್ ಮಾಡದೆ ಮೀಟಿಂಗ್‌ಗೆ ಸೇರಿಸಲ್ಲ, ಆ ಗೆರೆಯನ್ನ ಮೂರು ತಿಂಗಳಿಗೊಮ್ಮೆ ಮುಂದಕ್ಕೆ ತಳ್ತಾರೆ. ಅಂದ್ರೆ ನಿಮ್ಮ ಸರ್ ಸಿಸ್ಟಮ್ ಒಂಬತ್ತು ತಿಂಗಳಿಂದ ಅಪ್‌ಡೇಟೇ ಆಗಿಲ್ಲ, ಆವತ್ತು ಇದ್ದಕ್ಕಿದ್ದಂಗೆ ಆಗಿದ್ದಲ್ಲ.

ಯಾಕೆ ಆಗಿಲ್ಲ ಅಂದ್ರೆ ನಾನು ನೋಡಿರೋ ಮಟ್ಟಿಗೆ ಎರಡು ಕಾರಣ ಇರುತ್ತೆ. ಜನ ಮೂಲೇಲಿರೋ ಎಕ್ಸ್ ಒತ್ತಿ ಆ್ಯಪ್ ಕ್ಲೋಸ್ ಆಯ್ತು ಅಂದ್ಕೋತಾರೆ, ಅದು ಕೆಳಗೆ ಗಡಿಯಾರದ ಪಕ್ಕ ಕೂತೇ ಇರುತ್ತೆ, ಲ್ಯಾಪ್‌ಟಾಪ್ ಶಟ್‌ಡೌನ್ ಮಾಡದೆ ಬರೀ ಮಡಚಿ ಇಡ್ತಾರೆ, ಹಿಂಗಾದಾಗ ಅಪ್‌ಡೇಟ್ ಡೌನ್‌ಲೋಡ್ ಆಗಿದ್ರೂ ಇನ್‌ಸ್ಟಾಲ್ ಆಗೋದಿಲ್ಲ. ಟೀಮ್ಸ್, ಸ್ಲ್ಯಾಕ್ ಥರದ ಆಫೀಸ್ ಚಾಟ್ ಆ್ಯಪ್‌ಗಳ ಕಥೆನೂ ಇದೇ. ಆ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ ಕ್ವಿಟ್ ಕೊಡೋದು ಕಲಿಸಿ. ಇನ್ನೊಂದು, ಯಾರಾದ್ರೂ ವೆಂಡರ್ ಬಂದು ಎಂಎಸ್‌ಐ ಫೈಲ್‌ನಿಂದ (ಆಫೀಸ್ ಸಿಸ್ಟಮ್‌ಗಳಿಗೆ ಹಾಕೋ ಇನ್‌ಸ್ಟಾಲರ್) ಇನ್‌ಸ್ಟಾಲ್ ಮಾಡಿದ್ರೆ ಆಟೋ ಅಪ್‌ಡೇಟ್ ಆಫ್ ಆಗಿರೋ ಚಾನ್ಸ್ ಜಾಸ್ತಿ, ಇನ್‌ಸ್ಟಾಲ್ ಮಾಡುವಾಗಲೇ ಆ ಆಯ್ಕೆನ ಆನ್ ಅಂತ ಕೊಡಬೇಕು. ಸರಿಯಾಗಿ ಕೊಟ್ರೆ ಆಮೇಲೆ ಸ್ಟಾಫ್‌ಗೆ ಪಾಸ್‌ವರ್ಡ್ ಬೇಕಾಗಲ್ಲ. ನಿಮ್ಮಲ್ಲಿ ಯಾವುದು ಹಾಕಿದಾರೆ ನೋಡಿ ಹೇಳಿ.

ಮತ್ತೆ ಆ ಗಡಿಬಿಡಿಲಿ ಇನ್ನೊಂದು ದಾರಿ ಇತ್ತು, ಅದೇ ಲಿಂಕ್ ಪೇಜಲ್ಲಿ ಕೆಳಗಡೆ ಬ್ರೌಸರ್‌ನಿಂದಲೇ ಸೇರೋ ಆಯ್ಕೆ ಸಾಮಾನ್ಯವಾಗಿ ಇರುತ್ತೆ. ಕ್ರೋಮ್ ಹೊಸದಿದ್ರೆ ಸಾಕು, ಸ್ಕ್ರೀನ್ ಶೇರ್ ಕೂಡ ಆಗುತ್ತೆ.

ಹುಬ್ಬಳ್ಳಿ_ಟ್ರಾನ್ಸ್‌ಪೋರ್ಟ್

ಅಕ್ಕಾರ, ನಮ್ಮಲ್ಲಿ ಆಗಿದ್ದು ಹೇಳ್ತೀನ್ರಿ, ಯಾರಿಗಾದ್ರೂ ಉಪಯೋಗ ಆಗ್ಲಿ. ನಮ್ಮ ಆಫೀಸಿನ ಹುಡುಗ ಹಿಂಗ ಮೀಟಿಂಗ್ ಟೈಮಿಗೆ ಅಪ್‌ಡೇಟ್ ಕೇಳ್ತು ಅಂತ ಗಡಿಬಿಡಿಲೆ ನೆಟ್‌ನ್ಯಾಗ ಹುಡುಕಿ ಎಲ್ಲಾದಕ್ಕಿಂತ ಮ್ಯಾಲ ಬಂದಿದ್ದ ಲಿಂಕ್ ಒತ್ತಿ ಇಳಿಸಿಬಿಟ್ಟ, ಅದು ಜಾಹೀರಾತು ಇತ್ತು, ನೋಡಾಕ ಥೇಟ್ ಕಂಪನಿ ಸೈಟಿನಂಗ ಇತ್ರಿ. ಎರಡು ದಿನದಾಗ ಅವನ ಮೇಲ್‌ನಿಂದ ನಮ್ಮ ಪಾರ್ಟಿಗಳಿಗೆಲ್ಲ ಬ್ಯಾಂಕ್ ಅಕೌಂಟ್ ಬದಲಾಗೇತಿ, ರೊಕ್ಕ ಇದಕ್ಕ ಹಾಕ್ರಿ ಅಂತ ಮೇಲ್ ಹೋದ್ವು. ಒಬ್ಬ ಪಾರ್ಟಿ ಪುಣ್ಯಕ್ಕ ಫೋನ್ ಮಾಡಿ ಕೇಳಿದ್ರು ಅಂತ ಉಳಿದ್ವಿ. ಸೈಬರ್ ವಂಚನೆ ಸಹಾಯವಾಣಿ 1930ಕ್ಕ ಫೋನ್ ಮಾಡಿ ಕಂಪ್ಲೇಂಟ್ ಕೊಟ್ವಿ, ಆ ಸಿಸ್ಟಮ್ ಪೂರ್ತಿ ಫಾರ್ಮ್ಯಾಟ್ ಮಾಡಿಸಿದ್ವಿ.

ಆ ಹುಡುಗಗ ನಾನು ಬಯ್ಯಲಿಲ್ರಿ. ಹೊತ್ತಿಗೆ ಮುಂಚೆ ಅಪ್‌ಡೇಟ್ ಮಾಡಿಟ್ಟಿದ್ರ ಅವ ಹುಡುಕಾಕ ಹೋಗೋ ಪ್ರಸಂಗನೇ ಬರ್ತಿರಲಿಲ್ಲ. ಈಗ ನಮ್ಮಲ್ಲಿ ಅಪ್‌ಡೇಟ್ ಅಂದ್ರ ಆ್ಯಪ್ ಒಳಗ ಫೋಟೋ ಮ್ಯಾಲ ಒತ್ತಿ ಚೆಕ್ ಫಾರ್ ಅಪ್‌ಡೇಟ್ಸ್, ಅಷ್ಟ. ಮೇಲ್‌ನ್ಯಾಗ, ವಾಟ್ಸಾಪ್‌ನ್ಯಾಗ ಬಂದ ಅಪ್‌ಡೇಟ್ ಲಿಂಕ್ ಮುಟ್ಟಂಗಿಲ್ಲ.

ನಿಧಾನವೇ_ಸರಿ

ನಾನು ಸ್ವಲ್ಪ ಬೇರೆ ಹೇಳ್ತೀನಿ. ಅಪ್‌ಡೇಟ್ ಬಂದ ದಿನವೇ ಹಾಕೋದು ನಂಗೆ ಒಪ್ಪಿಗೆ ಇಲ್ಲ. 2023ರ ಮಾರ್ಚಲ್ಲಿ 3ಸಿಎಕ್ಸ್ ಅನ್ನೋ ಆಫೀಸ್ ಫೋನ್ ಕಾಲ್ ಸಾಫ್ಟ್‌ವೇರ್‌ಗೆ ಏನಾಯ್ತು ನೆನಪಿದೆಯಾ, ಕಂಪನಿಯ ಅಸಲಿ ಅಪ್‌ಡೇಟ್ ಒಳಗೇ ಕಳ್ಳರು ಮಾಲ್‌ವೇರ್ ಸೇರಿಸಿದ್ರು, ಸರಿಯಾದ ಜಾಗದಿಂದ ಸರಿಯಾಗಿ ಅಪ್‌ಡೇಟ್ ಮಾಡಿದೋರಿಗೇ ಅದು ಹೋಯ್ತು. ಹಾಗಾಗಿ ನಾನು ಒಂದೆರಡು ವಾರ ಕಾದು ಆಮೇಲೆ ಹಾಕ್ತೀನಿ.

ಸಪೋರ್ಟ್_ಡೆಸ್ಕ್_ಬೆಂಗಳೂರು

ಸರ್, 3ಸಿಎಕ್ಸ್ ವಿಷಯ ನಿಜ, ಅದನ್ನ ತಳ್ಳಿಹಾಕಲ್ಲ. ಆದ್ರೆ ಕಾಯೋದಕ್ಕೂ ಬೆಲೆ ಇದೆ. 2019ರ ಮೇನಲ್ಲಿ ವಾಟ್ಸಾಪ್ ಕಾಲ್‌ನ ಲೋಪ ಹೊರಗೆ ಬಂತು, ಕಾಲ್ ಎತ್ತದೇ ಇದ್ರೂ, ಬರೀ ರಿಂಗ್ ಆದ್ರೂ ಪೆಗಾಸಸ್ ಅನ್ನೋ ಬೇಹುಗಾರಿಕೆ ಸಾಫ್ಟ್‌ವೇರ್ ಒಳಗೆ ಹೋಗ್ತಿತ್ತು, ಸುಮಾರು 1,400 ಜನರ ಫೋನ್‌ಗೆ ಗುರಿ ಇಟ್ಟಿದ್ರು, ಅದರಲ್ಲಿ ನಮ್ಮ ದೇಶದೋರೂ ಇದ್ರು. ಆಗ ವಾಟ್ಸಾಪ್‌ನೋರು ಎಲ್ಲರಿಗೂ ಹೇಳಿದ್ದು ಅಪ್‌ಡೇಟ್ ಮಾಡ್ಕೊಳ್ಳಿ ಅಂತ. 2023ರ ಸೆಪ್ಟೆಂಬರಲ್ಲಿ ಲಿಬ್‌ವೆಬ್‌ಪಿ ಅಂತ ಚಿತ್ರ ತೋರಿಸೋ ಒಂದು ಚಿಕ್ಕ ಕೋಡ್‌ನಲ್ಲಿ ತೂತು ಸಿಕ್ತು, ಅದೊಂದೇ ಕೋಡ್ ಕ್ರೋಮ್, ಸ್ಲ್ಯಾಕ್, ಟೀಮ್ಸ್, ಸಿಗ್ನಲ್ ಎಲ್ಲದರ ಒಳಗೂ ಇತ್ತು. ಕ್ರೋಮ್ ಒಂದನ್ನ ಅಪ್‌ಡೇಟ್ ಮಾಡಿದೋರು ಎಲ್ಲ ಸರಿಹೋಯ್ತು ಅಂದ್ಕೊಂಡ್ರು, ಆದ್ರೆ ಈ ಆ್ಯಪ್‌ಗಳು ತಮ್ಮದೇ ಬ್ರೌಸರ್ ಹೊಟ್ಟೆಲಿ ಇಟ್ಕೊಂಡಿದ್ವು, ಒಂದೊಂದನ್ನೂ ಬೇರೆ ಬೇರೆ ಮಾಡಬೇಕಿತ್ತು.

ನಿಮ್ಮ ಭಯಕ್ಕೂ ದಾರಿ ಇದೆ. ಝೂಮ್ ಸೆಟ್ಟಿಂಗ್ಸಲ್ಲಿ ಆಟೋ ಅಪ್‌ಡೇಟ್‌ಗೆ ಸ್ಲೋ, ಫಾಸ್ಟ್ ಅಂತ ಎರಡು ಇರುತ್ತೆ, ಸ್ಲೋ ಇಡಿ. ಸೆಕ್ಯುರಿಟಿ ಫಿಕ್ಸ್ ಅಂತ ಬಂದ್ರೆ ಮಾತ್ರ ಕಾಯಬೇಡಿ.

ಉಬುಂಟು_ಮೇಷ್ಟ್ರು

ಲಿನಕ್ಸ್ ಇರೋರು ಗಮನಿಸಿ, ಸೈಟಿಂದ ಡೆಬ್ ಫೈಲ್ (ಉಬುಂಟುಲಿ ಇನ್‌ಸ್ಟಾಲ್ ಮಾಡೋ ಫೈಲ್) ಇಳಿಸಿ ಝೂಮ್ ಹಾಕ್ಕೊಂಡಿದ್ರೆ ಉಬುಂಟು ಅಪ್‌ಡೇಟ್ ಮಾಡಿದಾಗ ಅದು ಜೊತೇಲಿ ಅಪ್‌ಡೇಟ್ ಆಗಲ್ಲ, ಪ್ರತಿ ಸಲ ಹೊಸ ಫೈಲ್ ನಾವೇ ಇಳಿಸಬೇಕು. ನಮ್ಮ ಕಾಲೇಜ್ ಲ್ಯಾಬಲ್ಲಿ ಇದು ಗೊತ್ತಾಗೋಕೆ ಒಂದು ವರ್ಷ ಬೇಕಾಯ್ತು.

ದಾವಣಗೆರೆ_ಅಕೌಂಟ್ಸ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಊಟದ ಹೊತ್ತಲ್ಲಿ ಹತ್ತೂ ಸಿಸ್ಟಮ್ ಮುಂದೆ ಕೂತು ನೋಡ್ದೆ, ನಾಲ್ಕು ಬೇರೆ ಬೇರೆ ವರ್ಷನ್ ಇದ್ವು. ಸಪೋರ್ಟ್ ಸರ್ ಹೇಳಿದ್ದೇ ನಿಜ, ಎಂಎಸ್‌ಐ ಹಾಕಿದಾರೆ, ಆಟೋ ಅಪ್‌ಡೇಟ್ ಆಫ್. ಎರಡರಲ್ಲಿ ಹಳೇ ಟೀಮ್ಸ್ ಐಕಾನ್ ಹಾಗೇ ಇದೆ, ಹೊಸದು ಬೇರೆ ಇದೆ, ಜನ ಹಳೇದನ್ನೇ ಒತ್ತಿ ಓಪನ್ ಆಗಲ್ಲ ಅಂತ ಸುಮ್ನಾಗಿದಾರೆ. ಹಳೇದನ್ನ ತೆಗೀಬಹುದಾ? ವಿಂಡೋಸ್ 10 ಇರೋ ಮೂರಕ್ಕೆ ಏನ್ ಮಾಡ್ಲಿ?

ಸಪೋರ್ಟ್_ಡೆಸ್ಕ್_ಬೆಂಗಳೂರು

ತೆಗೀರಿ, ಆ ಹಳೇದಕ್ಕೆ, ಅಂದ್ರೆ ಕ್ಲಾಸಿಕ್ ಟೀಮ್ಸ್‌ಗೆ 2024ರ ಜುಲೈ 1ಕ್ಕೇ ಸಪೋರ್ಟ್ ನಿಂತಿದೆ, 2025ರ ಜುಲೈನಿಂದ ಅದು ನಡೆಯೋದೂ ಇಲ್ಲ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಮಾಮೂಲಿ ಸಪೋರ್ಟ್ ಮುಗೀತು, ಆ್ಯಪ್ ಹೊಸದಿದ್ದೂ ಕೆಳಗಿನ ವಿಂಡೋಸ್ ಹಳೇದಾದ್ರೆ ಪೂರ್ತಿ ಭದ್ರ ಅನ್ನೋಕಾಗಲ್ಲ. ಸರ್‌ಗೆ ಹೇಳಿ ಈ ವರ್ಷದೊಳಗೇ ಬದಲಾಯಿಸೋಕೆ ನೋಡಿ, ಅಲ್ಲಿವರೆಗೆ ಹಿಯರಿಂಗ್‌ಗೆ ಆ ಮೂರರಲ್ಲಿ ಕೂರಿಸಬೇಡಿ.

ದಾವಣಗೆರೆ_ಅಕೌಂಟ್ಸ್

ಸರಿ ಸರ್. ಹಿಯರಿಂಗ್ ಮತ್ತೆ 18ಕ್ಕೆ ಕೊಟ್ಟಿದಾರೆ. 16ಕ್ಕೆ ಸಂಜೆ ಎಲ್ಲ ಅಪ್‌ಡೇಟ್ ಮುಗಿಸಿ, 17ಕ್ಕೆ ಸರ್ ಸಿಸ್ಟಮಲ್ಲಿ ಝೂಮ್‌ನ ಟೆಸ್ಟ್ ಮೀಟಿಂಗ್ ಒಂದ್ಸಲ ಸೇರಿ ಮೈಕ್, ಲೆಡ್ಜರ್ ಶೇರ್ ಎರಡೂ ನೋಡ್ತೀನಿ. ಕ್ಲೈಂಟ್‌ಗೂ ಫೋನ್ ಮಾಡಿ ಹೇಳಿದೀನಿ.