ಕಿತ್ತೂರಿನ ಥ್ಯಾಕರೆ, ಮುಂಬೈ ಠಾಕ್ರೆ: ಎರಡೂ ಒಂದೇ ಅಡ್ಡಹೆಸರಾ?

ಕೋಟೆ ಹುಡುಗ, ಬೆಳಗಾವಿ:
ಕಿತ್ತೂರು ಉತ್ಸವಕ್ಕೆ ಆರನೇ ಕ್ಲಾಸಿನ ಮಗಳನ್ನ ಕರ್ಕೊಂಡು ಹೋಗಿದ್ದೆ. ಗಿರ್ಮಿಟ್ ತಿನ್ನುತ್ತಾ, 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತಿದ್ದು ಇಲ್ಲೇ ಅಂದೆ. ‘ಅಪ್ಪಾ, ಅವನು ಮುಂಬೈ ಠಾಕ್ರೆಗಳ ಪೈಕಿಯವನಾ?’ ಅಂದಳು. ನಗು ಬಂತು, ಆದ್ರೆ ಉತ್ತರ ಬರಲಿಲ್ಲ. ಆ ಹೆಸರಿಗೆ ಅರ್ಥ ಏನಾದ್ರೂ ಇದೆಯಾ?

ಮಗ್ಗದ ಮನೆ, ಬನಹಟ್ಟಿ:
ಥ್ಯಾಚ್ ಅಂದ್ರೆ ಹುಲ್ಲಿನ ಚಾವಣಿ ಅಲ್ವಾ? ಮನೆಗೆ ಹುಲ್ಲು ಹೊದಿಸುವವರು ಇರಬೇಕು. ನಮ್ಮ ಬಡಿಗೇರ, ಕಮ್ಮಾರ, ಪತ್ತಾರ ಇದ್ದ ಹಾಗೆ ಕಸುಬಿನ ಹೆಸರು. ಬ್ರಿಟನ್ ಪ್ರಧಾನಿಯಾಗಿದ್ದ ಥ್ಯಾಚರ್ ಕೂಡ ಅದೇ.

ಗುಮ್ಮಟದ ಪಾರಿವಾಳ, ವಿಜಯಪುರ:
ಥ್ಯಾಚರ್ ಮಟ್ಟಿಗೆ ಸರಿ ರೀ, ಆಯಮ್ಮನಿಗೆ ಅದು ಗಂಡನ ಮನೆ ಹೆಸರು, ತವರಿನದು ರಾಬರ್ಟ್ಸ್. ಆದ್ರೆ ಥ್ಯಾಕರೆ ಕಸುಬಿನದಲ್ಲ, ಊರಿನದು. ಉತ್ತರ ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ ಆ ಹೆಸರಿನ ಜಾಗ ಇತ್ತು. ಸಾವಿರ ವರ್ಷದ ಹಿಂದೆ ಆ ಕಡೆ ಸ್ಕ್ಯಾಂಡಿನೇವಿಯಾದಿಂದ ವೈಕಿಂಗರು ಬಂದು ನೆಲೆಸಿದ್ದರು. ಅವರ ಹಳೆ ನಾರ್ಸ್ ಮಾತಿನಲ್ಲಿ ‘ಥಾಕ್’ ಅಂದ್ರೆ ಚಾವಣಿಗೆ ಹೊದಿಸುವ ಹುಲ್ಲು, ಜೊಂಡು. ‘ವ್ರಾ’ ಅಂದ್ರೆ ಮೂಲೆ. ಎರಡೂ ಸೇರಿದರೆ ಜೊಂಡು ಬೆಳೆಯೋ ಮೂಲೆ. ಬಾಯಿಂದ ಬಾಯಿಗೆ ಸವೆದು ವ್ರಾ ಹೋಗಿ ಬರೀ ‘ರೆ’ ಉಳಿಯಿತು. ಅದೇ ಉತ್ತರ ಇಂಗ್ಲೆಂಡಿನ ಕಂಬ್ರಿಯಾದಲ್ಲಿ ಡಾಕ್‌ರೇ ಅಂತ ಊರಿದೆ, ಅದಕ್ಕೂ ಇದೇ ಬಾಲ. ನಮ್ಮ ಮುದ್ದೇಬಿಹಾಳ ಕಡೆ ಹುಲ್ಲೂರಿನಿಂದ ಬಂದವರು ಹುಲ್ಲೂರ ಅಂತ ಬರ್ಕೊಳ್ಳಲ್ವಾ, ಥೇಟ್ ಹಾಗೆ.

ಗಡಿ ಮನುಷ್ಯ, ನಿಪ್ಪಾಣಿ:
ಮುಂಬೈಯವರದು ಮರಾಠಿ ಹೆಸರು, ಜೊಂಡಿಗೂ ಅದಕ್ಕೂ ಸಂಬಂಧ ಇಲ್ಲ. ಒಂದಾಗಿರೋದು ಇಂಗ್ಲಿಷ್ ಸ್ಪೆಲ್ಲಿಂಗ್ ಅಷ್ಟೇ. ಬಾಳ ಠಾಕ್ರೆಯವರ ತಂದೆ ಕೇಶವ ಸೀತಾರಾಮ ಠಾಕ್ರೆಗೆ ಕಾದಂಬರಿಕಾರ ವಿಲಿಯಂ ಮೇಕ್‌ಪೀಸ್ ಥ್ಯಾಕರೆ ಅಂದ್ರೆ ಬಹಳ ಇಷ್ಟ, ಅದಕ್ಕೇ ತಮ್ಮ ಹೆಸರನ್ನೂ ಅವನ ಹಾಗೇ ಬರೆದರು. ಮಜಾ ಇರೋದು ಮುಂದೆ. 1811ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ ಆ ಕಾದಂಬರಿಕಾರನ ಸ್ವಂತ ಚಿಕ್ಕಪ್ಪನೇ ಕಿತ್ತೂರಿನಲ್ಲಿ ಸತ್ತ ಸೇಂಟ್ ಜಾನ್ ಥ್ಯಾಕರೆ! ಮಗಳ ಪ್ರಶ್ನೆಗೆ ನಗಬೇಡಿ ಸರ್, ರಕ್ತ ಸಂಬಂಧ ಇಲ್ಲದಿದ್ರೂ ಅಕ್ಷರ ಸಂಬಂಧ ಇದೆ. ಅಂದ ಹಾಗೆ ಮೇಕ್‌ಪೀಸ್ ಅಂದ್ರೆ ಜಗಳ ಬಿಡಿಸಿ ರಾಜಿ ಮಾಡಿಸುವವನು. ಚಿಕ್ಕಪ್ಪನಿಗೆ ಆ ಹೆಸರು ಇಡಲಿಲ್ಲ ನೋಡಿ.

ಕೋಟೆ ಹುಡುಗ, ಬೆಳಗಾವಿ:
ಎಲ್ಲಾ ಓದಿ ಹೇಳಿದೆ. ‘ಹಂಗಾದ್ರ ಕಲೆಕ್ಟರ್ ಹುಲ್ಲೂರ ಸಾಹೇಬ’ ಅಂತ ಕುಣೀತಿದ್ದಾಳೆ. ನಮ್ಮ ಪಕ್ಕದ ಮನೆಯವರ ಅಡ್ಡಹೆಸರೂ ಹುಲ್ಲೂರ. ಅವರ ಮುಂದೆ ಏನು ಹೇಳ್ತಾಳೋ!