ಬೇಸ್ ಕೈಗೆ ಆರು ತಂತಿ: ಕಲಿತವರು ಅನುಭವ ಹೇಳಿ

ತುಮಕೂರು ಬೇಸ್:
ಎಲ್ಲರಿಗೂ ನಮಸ್ಕಾರ. ವಯಸ್ಸು 41, ಆರ್ಕೆಸ್ಟ್ರಾದಲ್ಲಿ 16 ವರ್ಷದಿಂದ ಬೇಸ್ ಗಿಟಾರ್ (ನಾಲ್ಕು ದಪ್ಪ ತಂತೀದು) ನುಡಿಸ್ತಿದ್ದೀನಿ. ಮಗಳು ನಾಲ್ಕನೇ ಕ್ಲಾಸು. ಡಿಸೆಂಬರ್‌ನಲ್ಲಿ ಸ್ಕೂಲ್ ಡೇಗೆ ಭಾವಗೀತೆ ಹಾಡ್ತಾಳೆ, ಶ್ರುತಿ ಕಪ್ಪು ಐದು (ಹಾರ್ಮೋನಿಯಂನ ಐದನೇ ಕಪ್ಪು ಮನೆ). ನಾನೇ ಗಿಟಾರ್ ನುಡಿಸ್ಬೇಕು ಅಂತ ಹಟ. ಬೇಸ್ ನುಡಿಸ್ತೀನಿ ಕಣೇ ಅಂದ್ರೆ ಅದು ಗಿಟಾರೇ ಅಲ್ಲವಂತೆ. ನಾಲ್ಕು ಕಾರ್ಡ್ಸ್ (ಹಲವು ಸ್ವರ ಒಟ್ಟಿಗೆ ಹಿಡಿಯೋದು), ಒಂದು ಸ್ಟ್ರಮ್ಮಿಂಗ್ (ತಂತಿಗಳನ್ನೆಲ್ಲಾ ಒಟ್ಟಿಗೆ ಮೀಟೋದು) ಬಂದ್ರೆ ಸಾಕು. ಬಜೆಟ್ 10,000. ಬೈಕಿಂದ ಬಿದ್ದು ಎಡಗೈ ಕಿರುಬೆರಳು ಸ್ವಲ್ಪ ಸೊಟ್ಟ, ಪೂರ್ತಿ ಮಡಚೋಕೆ ಆಗಲ್ಲ. ಅಕೌಸ್ಟಿಕ್ಕಾ, ಎಲೆಕ್ಟ್ರಿಕ್ಕಾ? ಕ್ಲಾಸಿಗೆ ಸೇರಬೇಕಾ? ಬೇಸ್ ಕೈ ಕೆಡುತ್ತಾ?

ಹಳೇ ಆರ್ಕೆಸ್ಟ್ರಾ:
ಅಣ್ಣ, ನನ್ನ ಕಥೆ ಕೇಳಿ ಆಮೇಲೆ ದುಡ್ಡು ಬಿಚ್ಚಿ. 22 ವರ್ಷ ಬೇಸ್ ಹಿಡಿದವನು ನಾನು. ಗಣೇಶನ ಹಬ್ಬದಿಂದ ರಾಜ್ಯೋತ್ಸವ ಮುಗಿಯೋ ತನಕ ರಾತ್ರಿ ಮನೇಲಿ ಮಲಗಿದ್ದೇ ಕಡಿಮೆ. 2016ರಲ್ಲಿ ನಮ್ಮ ಟ್ರೂಪ್ ಓನರ್ರು ಒಂದಿನ ಕರೆದು ಟೀ ಕುಡಿಸಿ, 'ಬೇಸನ್ನ ಕೀಬೋರ್ಡ್ ಹುಡುಗ ಎಡಗೈಲೇ ಹಾಕ್ತಾನಂತೆ, ನೀನು ರಿದಮ್ ಗಿಟಾರ್ ಕಲ್ತ್ಕೊಂಡು ಬಾ, ನೋಡೋಣ' ಅಂದ್ರು. ಆ ಟೀ ಇನ್ನೂ ಗಂಟಲಿಂದ ಇಳಿದಿಲ್ಲ.

ರೋಷಕ್ಕೆ ಮಾರನೇ ದಿನಾನೇ 3,200 ಕೊಟ್ಟು ಕಪ್ಪು ಅಕೌಸ್ಟಿಕ್ ತಂದೆ. ನೋಡೋಕೆ ಮದುಮಗ. 12ನೇ ಫ್ರೆಟ್ (ಕುತ್ತಿಗೆ ಮೇಲಿನ ಲೋಹದ ಪಟ್ಟಿ) ಮೇಲೆ ಎಟಿಎಂ, ಪ್ಯಾನು, ಡಿಎಲ್ಲು, ಹೆಂಡತಿ ಎಟಿಎಂ ಎಲ್ಲಾ ಸೇರಿಸಿ ಐದು ಕಾರ್ಡು ಒಟ್ಟಿಗೆ ತಂತಿ ಕೆಳಗೆ ತೂರಿಸಿದೆ, ಆರಾಮಾಗಿ ಹೋಯ್ತು. ಅಷ್ಟು ಎತ್ತರ ಆಕ್ಷನ್, ಅಂದ್ರೆ ಕುತ್ತಿಗೆಗೂ ತಂತಿಗೂ ಇರೋ ಅಂತರ. ಎಫ್ ಕಾರ್ಡ್ (ಒಂದೇ ಬೆರಳಲ್ಲಿ ಆರೂ ತಂತಿ ಅದುಮೋ ಬಾರ್ ಕಾರ್ಡ್) ಹಿಡಿದರೆ ಆರು ತಂತೀಲಿ ನಾಲ್ಕು ಟಕ್ ಟಕ್. ಒಳಗಿಂದ ಹೆಂಡತಿ, 'ಗಡಿಯಾರ ರಿಪೇರಿ ಮಾಡ್ತಿದೀರಾ?' ಅಂತ ಕೇಳಿದಳು. ಮೂರು ತಿಂಗಳು ಇದೇ ಗಡಿಯಾರ.

ಲೆಕ್ಕ ಬರೆದಿಟ್ಟಿದ್ದೀನಿ. ಗಿಟಾರು 3,200. ಸೆಟಪ್ (ತಂತಿ ಎತ್ತರ ಸರಿ ಮಾಡಿಸಿದ್ದು) 600. ಸ್ಯಾಡಲ್ (ತಂತಿ ಕೂರೋ ಪಟ್ಟಿ) ಜಾಸ್ತಿ ಉಜ್ಜಿ ತಂತಿ ಗುಂಯ್ ಅಂದಿದ್ದಕ್ಕೆ ಹೊಸ ಸ್ಯಾಡಲ್ 250. ತಂತಿ ದಪ್ಪ 12ರಿಂದ 11ಕ್ಕೆ ಇಳಿಸಿದ್ದು 520. ಬ್ಯಾಗು 400. ಒಟ್ಟು 4,970. ಕೊನೆಗೆ ಪಕ್ಕದ ಬೀದಿ ಹುಡುಗನಿಗೆ 1,000ಕ್ಕೆ ಕೊಟ್ಟೆ. 3,970 ರೂಪಾಯಿ ನೀರಲ್ಲಿ ಹೋಮ. 2019ರಲ್ಲಿ ಯಮಹಾ ಎಫ್ 310 ತಗೊಂಡೆ, 9,200. ನಾಲ್ಕನೇ ದಿನಕ್ಕೆ ಎಫ್ ಬಂತು! ಬೆರಳಿನ ತಪ್ಪೇ ಆಗಿರಲಿಲ್ಲ.

ಕಲ್ತ್ಕೊಂಡು ಟ್ರೂಪಿಗೆ ಹೋದ್ರೆ ಅಲ್ಲಿ ಮೈನಸ್ ಟ್ರ್ಯಾಕ್ (ಗಾಯನ ಬಿಟ್ಟು ಬರೀ ವಾದ್ಯದ ರೆಕಾರ್ಡು) ಬಂದಿತ್ತು. ಗಿಟಾರೂ ಬೇಡ, ಕೀಬೋರ್ಡ್ ಹುಡುಗನೂ ಬೇಡ.

ಹುಬ್ಬಳ್ಳಿ ಮಂದಿ:
ಅಕೌಸ್ಟಿಕ್ ಯಾಕ್ ಬೇಕ್ರಿ? ನಾ ಸೀದಾ ಎಲೆಕ್ಟ್ರಿಕ್ ತಗೊಂಡ್ನಿ, ಸೆಕೆಂಡ್ ಹ್ಯಾಂಡ್, 8,500. ಒಂಬತ್ತರ ತಂತಿ, ಬೆಣ್ಣಿ ಇದ್ದಂಗ. ಆದ್ರ ಒಂದ್ ವಿಷಯ ಯಾರೂ ಹೇಳಿರಲಿಲ್ಲ. ಬೇಸಿನ ದಪ್ಪ ತಂತಿ ಅಂದ್ರ ನೂರಾ ಐದು. ಅದನ್ನ ಹತ್ತು ವರ್ಷ ಒತ್ತಿದ ಬೆರಳು ಈ ಕೂದಲಿನಂಥ ತಂತಿ ಮ್ಯಾಲೆ ಬಿದ್ರ ಸ್ವರಾನ ಏರತೈತಿ. ಟ್ಯೂನರ್ ಹಚ್ಚಿ ನೋಡ್ತೀನಿ, ಖಾಲಿ ತಂತಿ ಬರೋಬ್ಬರಿ ಐತಿ, ಬೆರಳು ಇಟ್ಟ ಕೂಡ್ಲೆ ಮುಳ್ಳು ಬಲಕ್ಕ ಓಡತೈತಿ. ಗಿಟಾರ್ ಕೆಟ್ಟೈತಿ ಅಂತ ಅಂಗಡಿಗೆ ಒಯ್ದು, ಫ್ರೆಟ್ ಫ್ರೆಟ್ಟಿಗೂ ಸ್ವರ ಕೂಡಸೋ ಇಂಟೊನೇಶನ್‌ಗೆ 800 ಕೊಟ್ನಿ. ಮನಿಗೆ ಬಂದ್ರ ಮತ್ತ ಅದ. ಎರಡನೇ ಸಲ ಹೋದಾಗ ಅಂಗಡಿ ಹುಡುಗ ತಾನ ಹಿಡದು ನುಡಿಸಿದ, ಎಲ್ಲಾ ಸರಿ ಇತ್ತು. 'ಅಣ್ಣಾರ, ಕುತ್ತಿಗಿ ಹಿಸುಕಬ್ಯಾಡ್ರಿ, ಮುಟ್ರಿ ಸಾಕು' ಅಂದ. 22 ವರ್ಷದ ಹುಡುಗನ ಕಡಿಂದ ಹಂಗ ಅನಿಸ್ಕೊಂಡ್ನಿ ನೋಡ್ರಿ.

ಆಂಪ್ (ಸದ್ದು ಜೋರ್ ಮಾಡೋ ಸ್ಪೀಕರ್ ಪೆಟ್ಟಿಗಿ) ಬ್ಯಾರೆ ತಗೋಬ್ಯಾಡ್ರಿ. ಬೇಸ್ ಆಂಪಿಗೇ ಚುಚ್ಚರಿ. ಸ್ವಲ್ಪ ಮಬ್ಬ ಕೇಳಸ್ತೈತಿ, ಟ್ರೆಬಲ್ ಏರಿಸಿದ್ರ ಆತು.

ರಾತ್ರಿಪಾಳಿ:
ದಯವಿಟ್ಟು ತಪ್ಪು ಮಾಹಿತಿ ಕೊಡಬೇಡಿ. ಆಂಪ್ ಸುಟ್ಟು ಹೋಗುತ್ತೆ. ನನ್ನ ಫ್ರೆಂಡ್‌ದು ಹೋಗಿದೆ.

ಹುಬ್ಬಳ್ಳಿ ಮಂದಿ:
ನಿಮ್ಮ ಫ್ರೆಂಡ್ ಉಲ್ಟಾ ಮಾಡಿರಬೇಕು. ಬೇಸನ್ನ ಗಿಟಾರ್ ಆಂಪಿಗೆ ಹಾಕಿ ಜೋರ್ ಮಾಡಿದ್ರ ಸ್ಪೀಕರ್ ಹರೀತೈತಿ. ಗಿಟಾರನ್ನ ಬೇಸ್ ಆಂಪಿಗೆ ಹಾಕಿದ್ರ ಏನೂ ಆಗಂಗಿಲ್ಲ. ಓದಿ ಬರೀರಿ.

ರಾತ್ರಿಪಾಳಿ:
ಸರಿ, ಆಂಪ್ ಬಿಡಿ. ನಾನು ಹೇಳೋಕೆ ಬಂದಿದ್ದೇ ಬೇರೆ. ಬೇಸ್‌ನವರಿಗೆ ಗಿಟಾರಲ್ಲಿ ನಿಜವಾದ ಕಾಟ ಎರಡನೇ ತಂತಿ, ಬಿ. ತಗ್ಗು ಸ್ವರದ ನಾಲ್ಕು ನಮ್ಮವೇ: ಇ, ಎ, ಡಿ, ಜಿ. ಒಂದು ಆಕ್ಟೇವ್ (ಸ್ಥಾಯಿ) ಮೇಲೆ, ಅಷ್ಟೇ. ಎಲ್ಲಾ ಕಡೆ ತಂತಿಯಿಂದ ತಂತಿಗೆ ಐದು ಫ್ರೆಟ್ ಅಂತರ. ಜಿಯಿಂದ ಬಿಗೆ ಮಾತ್ರ ನಾಲ್ಕು. ಬೇಸಲ್ಲಿ ಆಕ್ಟೇವ್ ಅಂದ್ರೆ ಎರಡು ತಂತಿ ಆಚೆ, ಎರಡು ಫ್ರೆಟ್ ಮುಂದೆ, ಕಣ್ಣು ಮುಚ್ಚಿಕೊಂಡು ಹಾಕ್ತೀವಿ. ಡಿ ತಂತಿಯಿಂದ ಹಾಗೇ ಹಾಕಿದ್ರೆ ಬಿ ಮೇಲೆ ಅಪಸ್ವರ. ಅಲ್ಲಿ ಮೂರು ಫ್ರೆಟ್ ಹೋಗಬೇಕು. 2021ರ ಲಾಕ್‌ಡೌನ್ ಪೂರ್ತಿ ಈ ಒಂದು ಫ್ರೆಟ್‌ಗೆ ತಲೆ ಚಚ್ಚಿಕೊಂಡೆ. ಕೊನೆಗೆ ಬಿ, ಇ ಎರಡನ್ನೂ ಅರ್ಧ ಸ್ವರ ಏರಿಸಿ ಸಿ, ಎಫ್ ಮಾಡಿಕೊಂಡೆ. ಈಗ ಆರೂ ತಂತಿ ಒಂದೇ ಅಂತರ. ಬೇಸಿನ ಎಲ್ಲಾ ಪ್ಯಾಟರ್ನೂ ನಡೆಯುತ್ತೆ. ಕಲಿಯೋ ಅಗತ್ಯಾನೇ ಇಲ್ಲ.

ಹಳೇ ಆರ್ಕೆಸ್ಟ್ರಾ:
ಹಾಗೆ ಟ್ಯೂನ್ ಮಾಡಿ ಒಂದು ಜಿ ಮೇಜರ್ ಓಪನ್ ಕಾರ್ಡ್ (ಕೆಲವು ತಂತಿ ಒತ್ತದೇ ನುಡಿಸೋದು) ಹಿಡಿದು ತೋರಿಸಪ್ಪ.

ರಾತ್ರಿಪಾಳಿ:
ಓಪನ್ ಕಾರ್ಡ್ ಯಾಕೆ ಬೇಕು?

ಹಳೇ ಆರ್ಕೆಸ್ಟ್ರಾ:
ಅವರು ಕೇಳಿರೋದು ಮಗಳ ಭಾವಗೀತೆಗೆ!

ಗಿಟಾರ್ ಮೇಷ್ಟ್ರು:
ಇಷ್ಟೊತ್ತು ಓದಿ ಬೇಸರವಾಯಿತು. ಎಲ್ಲರದ್ದೂ ಅಡ್ಡದಾರಿ. ನಾನು ಮೈಸೂರಿನಲ್ಲಿ 18 ವರ್ಷದಿಂದ ಪಾಠ ಹೇಳುತ್ತಿದ್ದೇನೆ, ಲಂಡನ್ನಿನ ಟ್ರಿನಿಟಿ ಕಾಲೇಜಿನ ಸಂಗೀತ ಪರೀಕ್ಷೆಗೆ ಮಕ್ಕಳನ್ನು ಕೂರಿಸುತ್ತೇನೆ. ಬೇಸ್‌ನಿಂದ ಬಂದವರು ನನ್ನ ಬಳಿ ಒಂಬತ್ತು ಜನ ಕಲಿತಿದ್ದಾರೆ. ಒಂಬತ್ತಕ್ಕೆ ಒಂಬತ್ತೂ ಜನಕ್ಕೆ ಎಡಗೈ ಸಮಸ್ಯೆಯೇ ಅಲ್ಲ, ಬಲಗೈ. ತೋರುಬೆರಳು, ನಡುಬೆರಳು ಸರದಿಯಲ್ಲಿ ಮೀಟಿ ರೂಢಿ. ಜೊತೆಗೆ ನುಡಿಸದ ತಂತಿಯನ್ನು ಹೆಬ್ಬೆರಳಲ್ಲಿ ಅದುಮಿ ಬಾಯಿ ಮುಚ್ಚಿಸುವುದು ಅವರ ರಕ್ತದಲ್ಲಿದೆ. ಸ್ಟ್ರಮ್ ಅಂದರೆ ಎಲ್ಲಾ ತಂತಿಯೂ ಮಾತಾಡಬೇಕು. ಪಿಕ್ (ತಂತಿ ಮೀಟುವ ಚಿಪ್ಪು) ಕೊಟ್ಟು ಡೌನ್ ಅಂದರೆ ಹೊಡೆಯುತ್ತಾರೆ, ಅಪ್ ಅಂದರೆ ಕೈ ಗಾಳಿಯಲ್ಲೇ ನಿಲ್ಲುತ್ತದೆ. ಒಬ್ಬರಿಗಂತೂ ಅಪ್ ಸ್ಟ್ರೋಕ್ ಕೂರಿಸಲು ಏಳು ವಾರ ಹಿಡಿಯಿತು. ಎಡಗೈಯಲ್ಲಿ ತಂತಿ ಪೂರ್ತಿ ಮುಚ್ಚಿಸಿ ಬರೀ ಚಕ್ ಚಕ್ ಅಂತ ಬಲಗೈ ಆಡಿಸಿದೆ, ಬೇರೇನೂ ಇಲ್ಲ. ತಿಂಗಳಿಗೆ 2,500 ಶುಲ್ಕ ಕೊಡಲು ಅಳುವವರು ಸ್ಯಾಡಲ್ಲು, ತಂತಿ ಅಂತ ನಾಲ್ಕು ಸಾವಿರ ಸುರಿಯುತ್ತಾರೆ.

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಹೆಚ್ಚಿನವರು ಗಿಟಾರ್ ಬರದೆ ಬೇಸ್ ಹಿಡಿದವರೇ ಅಲ್ಲವೇ? ಬೀಟಲ್ಸ್ ಬ್ಯಾಂಡಿನ ಪಾಲ್ ಮೆಕಾರ್ಟ್ನಿ ಕೂಡ ಗಿಟಾರಿನಿಂದ ಬೇಸಿಗೆ ಬಂದವರು.

ಹಳೇ ಆರ್ಕೆಸ್ಟ್ರಾ:
ಮೇಷ್ಟ್ರೇ, 'ಬೇಜಾರು ಮಾಡಿಕೊಳ್ಳಬೇಡಿ' ಅಂದು ಕಪಾಳಕ್ಕೆ ಹೊಡೆಯೋದು ಯಾವ ಗ್ರೇಡಲ್ಲಿ ಕಲಿಸ್ತಾರೆ? ಮೆಕಾರ್ಟ್ನಿ ಬೇಸ್ ಹಿಡಿದದ್ದು 1961ರಲ್ಲಿ, ಅವರ ಬ್ಯಾಂಡಿನ ಬೇಸ್‌ನವರು ಬಿಟ್ಟುಹೋದ ಮೇಲೆ. ಗಿಟಾರ್ ಬರದೇ ಅಲ್ಲ.

ಹುಬ್ಬಳ್ಳಿ ಮಂದಿ:
ಬೇಸ್ ನಿಂತ್ರ ಹಾಡ ನಿಂತಂಗ. ನಿಮ್ಮ ಟ್ರಿನಿಟಿ ಹುಡುಗ್ರನ್ನ ಒಮ್ಮೆ ಜಾತ್ರಿ ಸ್ಟೇಜಿಗೆ ಕರ್ಕೊಂಡು ಬರ್ರಿ. ಹಾಡಾವ ಮೈಕ್ ಹಿಡದು 'ಇವತ್ತ ಗಂಟ್ಲ ಸರಿ ಇಲ್ಲ, ಅರ್ಧ ಸ್ವರ ಇಳಿಸ್ರಿ' ಅಂತಾನ. ಆವಾಗ ಪೇಪರ್ ತಗೀತಾರೇನು?

ಗಿಟಾರ್ ಮೇಷ್ಟ್ರು:
ಇಳಯರಾಜ ಅವರೇ ಕ್ಲಾಸಿಕಲ್ ಗಿಟಾರಿನಲ್ಲಿ ಟ್ರಿನಿಟಿ ಪರೀಕ್ಷೆ ಪಾಸು ಮಾಡಿದವರು. ಪೇಪರ್ ಅಂದರೆ ಅಷ್ಟು ತಾತ್ಸಾರ ಬೇಡ.

ಹಳೇ ಆರ್ಕೆಸ್ಟ್ರಾ:
ನಮ್ಮ ಜಿ.ಕೆ. ವೆಂಕಟೇಶ್ ಅವರ ಹತ್ರ ಗಿಟಾರ್ ನುಡಿಸಿಕೊಂಡು, ಅಸಿಸ್ಟೆಂಟಾಗಿ ಕೆಲಸ ಮಾಡಿದವರು ಅವರು. ಅದನ್ನ ಯಾಕೆ ಬಿಟ್ರಿ? ಕೆಲಸದಲ್ಲಿ ಬಿದ್ದವನಿಗೆ ವಿದ್ಯೆ ಅಂಟುತ್ತೆ.

ಕರಾವಳಿ ಕ್ವಾಯರ್:
ನಿಮ್ಮ ಜಗಳದ ನಡುವೆ ನನ್ನದೊಂದು ಹೇಳ್ತೇನೆ ಮಾರಾಯ್ರೆ. ಚರ್ಚ್ ಕ್ವಾಯರ್‌ನಲ್ಲಿ 14 ವರ್ಷ ಬೇಸ್. ನನ್ನ ಬೆರಳು ಬಾಳೆಹಣ್ಣಿನ ಹಾಗೆ ಉಂಟು. ಅಕೌಸ್ಟಿಕ್ಕಿನ ನಟ್ಟು (ತಲೆಯ ಹತ್ರ ತಂತಿ ಕೂರುವ ಪಟ್ಟಿ) 43 ಮಿಲಿಮೀಟರು ಅಗಲ, ಎ ಮೇಜರ್‌ಗೆ ಮೂರು ಬೆರಳು ಒಂದೇ ಫ್ರೆಟ್‌ನಲ್ಲಿ ತುರುಕಬೇಕು, ಎಂತ ಮಾಡಿದ್ರೂ ಆಗುದಿಲ್ಲ. ಹಾಗಾಗಿ ನೈಲಾನ್ ತಂತಿಯ ಕ್ಲಾಸಿಕಲ್ ತೆಗೊಂಡೆ, ಅದರ ನಟ್ಟು 52. 7,800 ಆಯ್ತು. ಬೆರಳಿಗೆ ಸ್ವರ್ಗ.

ತೆಗೊಂಡದ್ದು ಎಪ್ರಿಲ್‌ನಲ್ಲಿ. ಜೂನ್‌ನಲ್ಲಿ ಮಳೆ ಹಿಡಿಯಿತು. ಜುಲೈಯಲ್ಲಿ ನೋಡಿದ್ರೆ ಬ್ರಿಡ್ಜಿನ (ತಂತಿ ಕಟ್ಟುವ ಮರದ ತುಂಡು) ಹಿಂದೆ ಸಣ್ಣ ಸಂದು, ಕಾಗದ ತೂರಿಸಿದರೆ ಒಳಗೆ ಹೋಗ್ತದೆ. ಬಡಗಿಯ ಹತ್ರ ಅಂಟಿಸಿದೆ, 350. ಮೊದಲು ಹಳೆ ಗೋಂದು ಕೆರೆದು ತೆಗೀಬೇಕಂತೆ, ಅದು ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಮುಂದಿನ ಭಾನುವಾರ ಪೂಜೆಯ ನಡುವೆ, ಎಲ್ಲರೂ ಮೌನವಾಗಿ ಮೊಣಕಾಲೂರಿದ್ದಾರೆ, ಫಟ್! ಬ್ರಿಡ್ಜು ಹಾರಿ ಹೋಯ್ತು, ಆರು ತಂತಿಯೂ ಜಡೆ ಬಿಚ್ಚಿದ ಹಾಗೆ. ಫಾದರ್ ತಲೆ ಎತ್ತಿ ನೋಡಿದರು. ಮತ್ತೆ ಬೆಂಗಳೂರಿಗೆ ಪಾರ್ಸೆಲ್, ಹೋಗಿ ಬರಲಿಕ್ಕೆ 900, ರಿಪೇರಿಗೆ 1,500. ಒಟ್ಟು 2,750 ಬರೀ ಅಂಟಿಗೆ. ಈಗ ಕಪಾಟಿನೊಳಗೆ ಬಲ್ಬು ಉರಿಸಿ ಇಡ್ತೇನೆ.

ಗಿಟಾರ್ ಮೇಷ್ಟ್ರು:
ಬಲ್ಬು ಆರಿಸಿ ಮೊದಲು. ಬಿಸಿಗೆ ಗೋಂದು ಮೆತ್ತಗಾಗಿ ಇನ್ನೊಮ್ಮೆ ಹಾರುತ್ತದೆ. ಕೇಸಿನಲ್ಲಿ ಸಿಲಿಕಾ ಪೊಟ್ಟಣ ಇಡಿ, ತಂತಿ ಸ್ವಲ್ಪ ಸಡಿಲಿಸಿ.

ಕರಾವಳಿ ಕ್ವಾಯರ್:
ಮೈಸೂರಿನಲ್ಲಿ ಕೂತು ಜುಲೈ ಮಳೆಯ ಬಗ್ಗೆ ಹೇಳಬೇಡಿ. ನಮ್ಮಲ್ಲಿ ಚಪ್ಪಲಿಗೂ ಬೂಸ್ಟು ಬರ್ತದೆ. ಅಜ್ಜನ ಕಾಲದಿಂದ ಕಪಾಟಿಗೆ ಬಲ್ಬೇ.

ರಾತ್ರಿಪಾಳಿ:
ಬೇಸ್‌ನವರಿಗೆ ಆರು ತಂತಿ ಯಾಕೆ, ಬ್ಯಾರಿಟೋನ್ ಉಕುಲೇಲೆ (ಪುಟ್ಟ ಗಿಟಾರಿನಂಥದ್ದು) ತಗೊಳ್ಳಿ. ನಾಲ್ಕೇ ತಂತಿ. ಡಿ, ಜಿ, ಬಿ, ಇ. ಗಿಟಾರಿನ ಮೇಲ್ಸ್ವರದ ನಾಲ್ಕರ ಹಾಗೇ.

ಹುಬ್ಬಳ್ಳಿ ಮಂದಿ:
ಮೊದಲ ಬಿ ತಂತಿ ಬ್ಯಾಡ ಅಂದ್ರಿ, ಈಗ ಅದ ತಂತಿ ಇರೋದ ತಗೋರಿ ಅಂತೀರಿ. ನಿದ್ದಿ ಮಾಡ್ರಿ ಹೋಗ್ರಿ.

ಶಿರಸಿ ಘಟ್ಟ:
ಕೇಳಿದವರಿಗೆ ಯಾರೂ ಉತ್ತರ ಕೊಟ್ಟ ಹಾಗೆ ಕಾಣಲಿಲ್ಲ. ನಾನೂ ಬೇಸ್‌ನಿಂದಲೇ ಬಂದವಳು. ಮೂರನೇ ಫ್ರೆಟ್‌ಗೆ ಕ್ಯಾಪೊ (ಆರೂ ತಂತಿ ಒತ್ತಿ ಹಿಡಿಯುವ ಕ್ಲಿಪ್ಪು) ಹಾಕಿ ಜಿ ಶೇಪ್ ಹಿಡಿದರೆ ಕಪ್ಪು ಐದು ಬರ್ತು. ಜಿ, ಇ ಮೈನರ್, ಸಿ, ಡಿ ನಾಲ್ಕಕ್ಕೂ ಕಿರುಬೆರಳು ಬೇಡ, ಮೂರು ಬೆರಳು ಸಾಕು. ಎಫ್ ತಂಟೆಯೇ ಇಲ್ಲ. ಕ್ಯಾಪೊ ಹಾಕಿದ ಮೇಲೆ ಮತ್ತೊಮ್ಮೆ ಟ್ಯೂನ್ ನೋಡಿಕೊಳ್ಳಿ.

ಗಿಟಾರ್ ಮೇಷ್ಟ್ರು:
ಕ್ಯಾಪೊ ಊರುಗೋಲು. ಒಮ್ಮೆ ಹಿಡಿದವರು ಬಿಡುವುದಿಲ್ಲ. ಬಾರ್ ಕಾರ್ಡ್ ಕಲಿಯದೆ ಗಿಟಾರ್ ಕಲಿತೆ ಅನ್ನಬಾರದು.

ಶಿರಸಿ ಘಟ್ಟ:
ಮಗು ಹಾಡೋದು ಡಿಸೆಂಬರ್‌ನಲ್ಲಿ ಮೇಷ್ಟ್ರೇ, ನಿಮ್ಮ ಅಪ್ ಸ್ಟ್ರೋಕಿಗೇ ಏಳು ವಾರ.

ಹಳೇ ಆರ್ಕೆಸ್ಟ್ರಾ:
ಅಕ್ಕ ಸರಿಯಾಗಿ ಹೇಳಿದ್ರು. ಆದ್ರೆ ಸ್ಪ್ರಿಂಗ್ ಕ್ಯಾಪೊ ಬೇಡ. 180 ಕೊಟ್ಟು ಒಂದು ತಂದಿದ್ದೆ, ನಡು ತಂತಿ ಹಿಡೀತಾನೇ ಇರಲಿಲ್ಲ. ಎರಡನೇದು 350. ಅದೂ ಹೋಯ್ತು. ಮೂರನೇದು ಸ್ಕ್ರೂ ಇರೋದು, 650...

ತುಮಕೂರು ಬೇಸ್:
ಎಲ್ಲರಿಗೂ ಥ್ಯಾಂಕ್ಸ್. ಶಿರಸಿಯವರು ಹೇಳಿದ ಹಾಗೆ ಫ್ರೆಂಡ್ ಗಿಟಾರಲ್ಲಿ ನಿನ್ನೆ ಸಂಜೆ ಹಿಡಿದು ನೋಡಿದೆ. ಜಿ ಬಂತು, ಸಿ ಅರ್ಧ ಬಂತು. ಮಗಳು ಎರಡು ಸಾಲು ಹಾಡಿದಳು. ನಾನು ಗೊತ್ತಿಲ್ಲದೇ ಬರೀ ದಪ್ಪ ತಂತೀನೇ ಮೀಟ್ತಿದ್ನಂತೆ, 'ಅಪ್ಪ, ಮತ್ತೆ ಬೇಸ್ ನುಡಿಸ್ತಿದೀಯ' ಅಂದಳು. ಬೇಸ್ ಕೈ ಕೆಡುತ್ತಾ ಅನ್ನೋದನ್ನ ಯಾರೂ ಹೇಳಲಿಲ್ಲ.

ಹುಬ್ಬಳ್ಳಿ ಮಂದಿ:
ಕೆಡಂಗಿಲ್ರಿ, ಹಗುರಾಗತೈತಿ. ಅಂದಂಗ ಮೇಷ್ಟ್ರ, ಆ ಒಂಬತ್ತು ಮಂದಿಯೊಳಗ ಈಗ ಎಷ್ಟ ಮಂದಿ ಗಿಟಾರ್ ನುಡಸ್ತಾರ? ಅದನ್ನ ಹೇಳಲಿಲ್ಲ ನೀವು.