ಬಿಸಿಲಿದೆ, ಆದರೆ ನೀರು ತಣ್ಣಗಿದೆ: ಕಯಾಕಿಂಗ್‌ಗೆ ಏನು ಹಾಕಿಕೊಳ್ಳಲಿ?

ಪ್ರಶ್ನೆ: ಸರ್, ಮುಂದಿನ ವಾರ ಸರೋವರದಲ್ಲಿ ಕಯಾಕಿಂಗ್‌ಗೆ (ಕಿರಿದಾದ ಸಣ್ಣ ದೋಣಿಯಲ್ಲಿ ಹುಟ್ಟು ಹಾಕಲು) ಹೊರಟಿದ್ದೇವೆ. ಹೊರಗೆ 24 ಡಿಗ್ರಿ ಸೆಲ್ಸಿಯಸ್, ನೀರು 11 ಡಿಗ್ರಿ. ಕಾಟನ್ ಟೀ ಶರ್ಟ್, ಟ್ರ್ಯಾಕ್ ಪ್ಯಾಂಟ್, ಮೇಲೆ ಲೈಫ್ ಜಾಕೆಟ್ ಸಾಕಲ್ಲವೇ? ನನಗೆ ಈಜು ಚೆನ್ನಾಗಿ ಬರುತ್ತದೆ.

ತರಬೇತುದಾರರ ಉತ್ತರ: ಖಂಡಿತ ಸಾಲದು. ಕಯಾಕ್ ಮಗುಚಿದರೆ ನೀವಿರುವುದು ಆ 11 ಡಿಗ್ರಿಯಲ್ಲಿ, ಹಾಗಾಗಿ ಉಡುಪನ್ನು ನೀರಿಗೆ ತಕ್ಕಂತೆ ಆರಿಸಿ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ.

ಈಜು ಬರುತ್ತದೆ ಎಂದಿರಲ್ಲ, ನನಗೆ ಹೆಚ್ಚು ಭಯ ಆ ನಂಬಿಕೆಯದ್ದೇ. ಇಂಥ ನೀರಿಗೆ ಬಿದ್ದ ಕ್ಷಣವೇ ನಮ್ಮ ಹತೋಟಿ ಮೀರಿ ಜೋರಾಗಿ ಉಸಿರು ಒಳಗೆಳೆದುಕೊಳ್ಳುತ್ತೇವೆ. ಆಗ ಬಾಯಿ ನೀರಿನೊಳಗಿದ್ದರೆ ನೀರೇ ಒಳಹೋಗುತ್ತದೆ. ಒಂದೆರಡು ನಿಮಿಷ ಬರೀ ಏದುಸಿರು. ಎಂಥ ಈಜುಗಾರನೂ ಆ ಹೊತ್ತಿನಲ್ಲಿ ತಡವರಿಸುತ್ತಾನೆ. ಲೈಫ್ ಜಾಕೆಟ್ ತೇಲಿಸಿಟ್ಟಿರಲಿ, ನೀವು ಉಸಿರು ಹತೋಟಿಗೆ ತಂದುಕೊಳ್ಳಿ. ಆಮೇಲೆ ಕೈಕಾಲು ಮಾತು ಕೇಳುವುದು ಹತ್ತು ನಿಮಿಷದ ಆಸುಪಾಸು. ಕಯಾಕ್ ಏರುವ ಕೆಲಸ ಅಷ್ಟರಲ್ಲೇ ಮುಗಿಯಬೇಕು. ಒಳ್ಳೆಯ ಉಡುಪು ಈ ಹೊಡೆತವನ್ನು ತಗ್ಗಿಸುತ್ತದೆ, ಆ ಅವಧಿಯನ್ನು ಹಿಗ್ಗಿಸುತ್ತದೆ.

ಕಾಟನ್ ಬೇಡವೇ ಬೇಡ. ನೆನೆದರೆ ಮೈಗಂಟಿಕೊಳ್ಳುತ್ತದೆ, ಬೇಗ ಒಣಗುವುದೂ ಇಲ್ಲ.

ಇನ್ನೊಬ್ಬರು: ವೆಟ್‌ಸೂಟೋ ಡ್ರೈಸೂಟೋ, ಸರ್?

ಉತ್ತರ: 11 ಡಿಗ್ರಿಗೆ ನನ್ನ ಮತ ಡ್ರೈಸೂಟ್‌ಗೆ. ಕುತ್ತಿಗೆ, ಮಣಿಕಟ್ಟಿನ ಬಿಗಿಪಟ್ಟಿಗಳು ನೀರನ್ನು ಹೊರಗೇ ತಡೆಯುತ್ತವೆ. ಆದರೆ ಅದರ ಬಟ್ಟೆ ತೆಳು, ಬೆಚ್ಚಗಿಡುವುದು ಒಳಗೆ ಹಾಕಿದ ಉಣ್ಣೆ ಅಥವಾ ಫ್ಲೀಸ್. ಬರಿಮೈ ಮೇಲೆ ಹಾಕಿದರೆ ಚಳಿ ತಪ್ಪದು. ಜಿಪ್ ಕೊನೆಯವರೆಗೂ ಎಳೆದಿದೆಯೇ ಎಂದು ಜೊತೆಗಾರರಿಂದ ನೋಡಿಸಿಕೊಳ್ಳಿ. ನಂತರ ಮಂಡಿಯೂರಿ ಕುಳಿತು, ಕುತ್ತಿಗೆ ಪಟ್ಟಿಯನ್ನು ಬೆರಳಿನಿಂದ ಸ್ವಲ್ಪ ಬಿಡಿಸಿ ಒಳಗಿನ ಗಾಳಿ ಹೊರಬಿಡಿ.

ವೆಟ್‌ಸೂಟ್ ಅಗ್ಗ. ಅದರ ನಿಯೋಪ್ರೀನ್ (ರಬ್ಬರಿನಂಥ ದಪ್ಪ ವಸ್ತು) ಮತ್ತು ಚರ್ಮದ ನಡುವೆ ಸಿಕ್ಕ ತೆಳು ನೀರನ್ನು ಮೈ ಬಿಸಿ ಮಾಡಿಕೊಳ್ಳುತ್ತದೆ. ಸಡಿಲವಾಗಿದ್ದರೆ ಹೊಸ ತಣ್ಣೀರು ನುಗ್ಗುತ್ತಲೇ ಇರುತ್ತದೆ, ಹಾಗಾಗಿ ಬಿಗಿಯಾಗಿ ಕೂರಲೇಬೇಕು. ಯಾವುದೇ ಹಾಕಿದರೂ ಕೈಗವಸು, ನಿಯೋಪ್ರೀನ್ ಟೋಪಿ, ಬೂಟು ಮರೆಯಬೇಡಿ.

ಮೊದಲು ಕೇಳಿದವರು: 24 ಡಿಗ್ರಿ ಬಿಸಿಲಲ್ಲಿ ಇಷ್ಟೆಲ್ಲ ಹಾಕಿಕೊಂಡರೆ ಬೆವರಿ ಸಾಯುವುದಿಲ್ಲವೇ?

ಉತ್ತರ: ಸೆಕೆಯಾಗುತ್ತದೆ, ನಿಜ. ಟೋಪಿ ನೆನೆಸಿಕೊಳ್ಳಿ, ಮೈಮೇಲೆ ನೀರು ಎರಚಿಕೊಳ್ಳಿ, ನಿಧಾನವಾಗಿ ಹುಟ್ಟು ಹಾಕಿ. ಹೊರಡುವ ಮುನ್ನ ದಡದ ಹತ್ತಿರ, ಜೊತೆಗೊಬ್ಬರು ನಿಂತಿರುವಾಗ, ಇದೇ ಉಡುಪಿನಲ್ಲಿ ಕತ್ತಿನವರೆಗೆ ನೀರಿಗಿಳಿದು ಕೆಲವು ನಿಮಿಷ ಇದ್ದು ನೋಡಿ. ಅಲ್ಲೇ ನಡುಕ ಬಂದರೆ ಒಳಗೆ ಇನ್ನೊಂದು ಪದರ ಸೇರಿಸಿ.